6174: ದೇವಳಾಲಿ ಮೇಷ್ಟ್ರು ಕಂಡುಹಿಡಿದ ಸಂಖ್ಯೆ



ನಮ್ಮ ಕನ್ನಡ ಕಾರ್ಯಕ್ರಮದ ಈ ಪುಟದಲ್ಲಿ ಸಾಮಾನ್ಯವಾಗಿ ಹಾಡು, ಹಬ್ಬ, ಅಡುಗೆ, ಊರಿನ ಸುದ್ದಿ ಇರುತ್ತವೆ. ಈ ಸಲ ಒಂದು ಸಂಖ್ಯೆಯ ಕಥೆ ಹೇಳೋಣ ಅಂತಿದ್ದೇನೆ. ಗಣಿತ ಎಂದ ಕೂಡಲೇ ಪುಟ ತಿರುಗಿಸಬೇಡಿ! ನಾನೇನು ಗಣಿತ ಓದಿದವಳಲ್ಲ, ಕನ್ನಡ ಬಿ.ಎ. ಮಾಡಿದವಳು. ಹಳಗನ್ನಡದ ಪದ್ಯ ಬಿಡಿಸುವುದು ಗೊತ್ತು, ಬೀಜಗಣಿತ ಅಷ್ಟಕ್ಕಷ್ಟೇ. ಈ ಕಥೆಗೆ ಬೇಕಾಗಿರುವುದು ಕಳೆಯುವ ಲೆಕ್ಕ ಮಾತ್ರ. ಆದರೆ ಅದನ್ನು ಮೈಕಿನ ಮುಂದೆ ಹೇಳಿ ಅರ್ಥ ಮಾಡಿಸುವುದು ಕಷ್ಟ, ಅಂಕಿಗಳು ಕಣ್ಣಿಗೆ ಕಾಣಬೇಕು. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಪೆನ್ಸಿಲು, ಒಂದು ಹಾಳೆ ತೆಗೆದುಕೊಳ್ಳಿ.

ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆ ಬರೆದುಕೊಳ್ಳಿ. ಒಂದೇ ಷರತ್ತು, ನಾಲ್ಕೂ ಅಂಕಿ ಒಂದೇ ಆಗಿರಬಾರದು. 2222, 7777 ಬೇಡ. ಕನ್ನಡಿಗರಾದ ನಮಗೆ ಬಾಯಿಪಾಠವಾಗಿರುವ ಇಸವಿಯನ್ನೇ ತೆಗೆದುಕೊಳ್ಳೋಣ: 1956, ರಾಜ್ಯದ ಏಕೀಕರಣವಾದ ವರ್ಷ. ಈ ನಾಲ್ಕು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9651. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 1569. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಇದನ್ನೇ ಮಾಡಿ, ಮಾಡುತ್ತಾ ಹೋಗಿ.

9651 − 1569 = 8082
8820 − 0288 = 8532
8532 − 2358 = 6174

ಮೂರನೇ ಸಲಕ್ಕೆ 6174 ಬಂತು. ಇದನ್ನೂ ಅದೇ ರೀತಿ ಜೋಡಿಸಿ ಕಳೆದರೆ?

7641 − 1467 = 6174

ಅಲ್ಲೇ ನಿಂತುಬಿಟ್ಟಿತು. ಇನ್ನು ನೂರು ಸಲ ಕಳೆದರೂ ಅದೇ ಉತ್ತರ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ನ್ನು ತೆಗೆದುಕೊಳ್ಳಿ: 9731ರಲ್ಲಿ 1379 ಕಳೆದರೆ 8352, ಅದರಿಂದ 8532 − 2358, ಅಂದರೆ 6174. ಎರಡೇ ಹೆಜ್ಜೆ. 1947ಕ್ಕೆ ಐದು ಹೆಜ್ಜೆ ಬೇಕು, ನೀವೇ ಮಾಡಿ ನೋಡಿ. ಮಧ್ಯದಲ್ಲಿ ಸೊನ್ನೆ ಬಂದರೆ ಅದನ್ನು ಬಿಟ್ಟುಬಿಡಬೇಡಿ, ಅದೂ ಒಂದು ಅಂಕಿಯೇ. 1000ದಿಂದ ಶುರು ಮಾಡಿದರೆ ಮೊದಲ ಉತ್ತರ 999 ಅಲ್ಲ, 0999 ಎಂದು ಬರೆದುಕೊಂಡು ಮುಂದುವರಿಯಬೇಕು. ಹೀಗೆ ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದೇ ಬರುತ್ತದೆ.

ಇದನ್ನು ಗಮನಿಸಿದವರು ದೊಡ್ಡ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಅಲ್ಲ. ಮುಂಬೈಯಿಂದ ನಾಸಿಕ್ ಕಡೆಗೆ ರೈಲಿನಲ್ಲಿ ಹೋಗುವಾಗ ಇಗತಪುರಿ ದಾಟಿ, ನಾಸಿಕ್ ರೋಡ್‌ಗೆ ಮುಂಚೆ ದೇವಳಾಲಿ ಎಂಬ ದಂಡಿನ ಊರು ಸಿಗುತ್ತದೆ. ಅಲ್ಲಿ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1946ರಲ್ಲಿ ಇದನ್ನು ಕಂಡುಕೊಂಡರು. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದರು. ಅಮೆರಿಕದ 'ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ' ಪತ್ರಿಕೆಯಲ್ಲಿ 1955ರಲ್ಲಿ ಈ ಸಂಖ್ಯೆಯ ಮೇಲೇ ಅವರ ಬರಹ ಅಚ್ಚಾಯಿತು. ಇವತ್ತು ಜಗತ್ತಿನ ಎಲ್ಲ ಕಡೆ 6174ಕ್ಕೆ 'ಕಾಪ್ರೇಕರ್ ಸ್ಥಿರಾಂಕ' ಎಂದೇ ಹೆಸರು.

ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಮುಂಬೈಯ ಉತ್ತರಕ್ಕಿರುವ ಡಹಾಣುವಿನಲ್ಲಿ. ತಂದೆ ಗುಮಾಸ್ತರು. ಥಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದು. 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆ ಅವರ ಹೆಸರಿನ ಗಣಿತ ಬಹುಮಾನ ಬಂತು. ಬಿ.ಎಸ್‌ಸಿ. ಮುಗಿಸಿದರು, ಅಲ್ಲಿಗೆ ಓದು ನಿಂತಿತು. ಎಂ.ಎ. ಇಲ್ಲ, ಡಾಕ್ಟರೇಟ್ ಇಲ್ಲ. 1930ರಿಂದ 1962ರಲ್ಲಿ ನಿವೃತ್ತರಾಗುವವರೆಗೂ ಮಕ್ಕಳಿಗೆ ಪಾಠ ಹೇಳಿದರು. ಗಣಿತಜ್ಞರ ಸಮ್ಮೇಳನಗಳಿಗೆ ಹೋಗುತ್ತಿದ್ದರು, ತಮ್ಮ ಶೋಧಗಳನ್ನು ಸಣ್ಣ ಪುಸ್ತಿಕೆಗಳಾಗಿ ತಾವೇ ಅಚ್ಚು ಹಾಕಿಸುತ್ತಿದ್ದರು. ನಿವೃತ್ತಿಯ ನಂತರ ಪಿಂಚಣಿ ಸಾಲದೆ ಮನೆಪಾಠ ಹೇಳಿಕೊಟ್ಟು ದಿನ ದೂಡಬೇಕಾಯಿತು. ನಮ್ಮ ದೇಶದ ಅನೇಕ ಗಣಿತಜ್ಞರು ಅವರ ಕೆಲಸವನ್ನು ಮಕ್ಕಳಾಟ ಎಂದೇ ಬಗೆದಿದ್ದರು. 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದರು. ಆಮೇಲೆ ಹೊರದೇಶಗಳಲ್ಲಿ ಹೆಸರಾಯಿತು. ಆಗ ಮೇಷ್ಟ್ರಿಗೆ ಎಪ್ಪತ್ತು ವರ್ಷ. 1986ರಲ್ಲಿ ದೇವಳಾಲಿಯಲ್ಲೇ ತೀರಿಕೊಂಡರು.

ಅಂದ ಹಾಗೆ, ಅವರು ಹುಟ್ಟಿದ ಇಸವಿ 1905ನ್ನೇ ಹಿಡಿದು ಕಳೆಯುತ್ತಾ ಹೋದರೆ ಏನಾಗುತ್ತದೆ ಗೊತ್ತೇ? 9351, 8172, 7443, 3996, 6264, 4176, ಆಮೇಲೆ 6174. ಪೂರ್ತಿ ಏಳು ಹೆಜ್ಜೆ!

ಈಗ ಮುಖ್ಯ ಪ್ರಶ್ನೆ. ಯಾಕೆ ಹೀಗೆ? ಮೊಬೈಲಿಗೆ ಬರುವ ಕೆಲವು ಸಂದೇಶಗಳಲ್ಲಿ 6174 ಅಂದರೆ ದೈವಿಕ ಸಂಖ್ಯೆ, ಅದೃಷ್ಟದ ಸಂಖ್ಯೆ ಎಂದೆಲ್ಲ ಬರೆದಿರುತ್ತಾರೆ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಅಂಗಡಿ ತೆರೆದವರಿಗೆ ಇಂಥದ್ದೊಂದು ಸಿಕ್ಕರೆ ಬಿಡುತ್ತಾರೆಯೇ? ಆದರೆ ಇಲ್ಲಿ ಪವಾಡವೇನೂ ಇಲ್ಲ. ಕಾರಣ ಇದೆ, ಆ ಕಾರಣ ನಮ್ಮ ನಿಮ್ಮ ಕೈಗೆ ಸಿಗುವಂಥದ್ದೇ. ನನಗಂತೂ ಪವಾಡಕ್ಕಿಂತ ಆ ಕಾರಣವೇ ಚೆಂದ ಕಂಡಿತು.

ಮತ್ತೆ 9651 − 1569ಕ್ಕೆ ಬನ್ನಿ. ಮೇಲಿನ ಸಾಲಿನಲ್ಲಿ 9 ಸಾವಿರದ ಸ್ಥಾನದಲ್ಲಿದೆ, ಕೆಳಗಿನ ಸಾಲಿನಲ್ಲಿ ಬಿಡಿ ಸ್ಥಾನದಲ್ಲಿದೆ. ಅಂದರೆ ಆ ಒಂಬತ್ತರಿಂದ ನಮಗೆ ದಕ್ಕುವುದು 9000ದಲ್ಲಿ 9 ಕಳೆದಷ್ಟು, ಅಂದರೆ 999ರ ಒಂಬತ್ತು ಪಟ್ಟು. 1ರದು ತಿರುಗುಮುರುಗು. ಮೇಲೆ ಬಿಡಿ, ಕೆಳಗೆ ಸಾವಿರ. ಅದರಿಂದ 999 ನಷ್ಟ. ಎರಡೂ ಸೇರಿದರೆ 999ರ ಎಂಟು ಪಟ್ಟು, 7992. ಇನ್ನು ಮಧ್ಯದ ಎರಡು ಅಂಕಿಗಳು. 6 ಮೇಲೆ ನೂರರ ಸ್ಥಾನದಲ್ಲಿದೆ, ಕೆಳಗೆ ಹತ್ತರ ಸ್ಥಾನದಲ್ಲಿದೆ: 600 − 60. ಅಂದರೆ 90ರ ಆರು ಪಟ್ಟು ಲಾಭ. 5ರಿಂದ 90ರ ಐದು ಪಟ್ಟು ನಷ್ಟ. ಉಳಿದದ್ದು 90. ಒಟ್ಟು 7992 + 90 = 8082. ಕಳೆದಾಗ ಬಂದ ಉತ್ತರವೂ ಅದೇ ಅಲ್ಲವೇ?

ಇದರಿಂದ ತಿಳಿಯುವುದು ಇಷ್ಟು. ಉತ್ತರ ನಿಮ್ಮ ಸಂಖ್ಯೆಯನ್ನು ಅವಲಂಬಿಸಿಲ್ಲ, ಎರಡು ಅಂತರಗಳನ್ನು ಮಾತ್ರ ಅವಲಂಬಿಸಿದೆ. ಮೊದಲನೆಯದು ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ, ಹೊರ ಅಂತರ ಎನ್ನೋಣ. ಎರಡನೆಯದು ಮಧ್ಯದ ಎರಡು ಅಂಕಿಗಳ ನಡುವಿನ ಒಳ ಅಂತರ. ಹೊರ ಅಂತರವನ್ನು 999ರಿಂದ, ಒಳ ಅಂತರವನ್ನು 90ರಿಂದ ಗುಣಿಸಿ ಕೂಡಿಸಿದರೆ ಉತ್ತರ ಸಿಕ್ಕಿತು. 1956ರ ಅಂತರಗಳು 8 ಮತ್ತು 1. ಅವೇ ಅಂತರಗಳಿರುವ 7068ನ್ನು ತೆಗೆದುಕೊಳ್ಳಿ, 8760 − 0678, ಅಲ್ಲೂ 8082!

ಹೊರ ಅಂತರ 1ರಿಂದ 9ರವರೆಗೆ ಇರಬಹುದು. ಒಳ ಅಂತರ ಸೊನ್ನೆಯೂ ಆಗಬಹುದು, ಆದರೆ ಹೊರ ಅಂತರವನ್ನು ಮೀರುವಂತಿಲ್ಲ. ಹೊರಗೆ 1 ಇದ್ದರೆ ಒಳಗೆ ಎರಡು ಸಾಧ್ಯತೆ, ಹೊರಗೆ 2 ಇದ್ದರೆ ಮೂರು, ಹೀಗೆ ಹೊರಗೆ 9 ಇದ್ದರೆ ಹತ್ತು. ಎಲ್ಲ ಕೂಡಿಸಿದರೆ 54. ಇದು ನನಗೆ ಬಹಳ ಹಿಡಿಸಿದ ಜಾಗ. 0000ದಿಂದ 9999ರವರೆಗಿನ ಹತ್ತು ಸಾವಿರದಲ್ಲಿ ಒಂದೇ ಅಂಕಿಯವು ಹತ್ತು ಬಿಟ್ಟರೆ 9990 ಸಂಖ್ಯೆಗಳು ಹೊರಡುತ್ತವೆ. ಮೊದಲನೇ ಹೆಜ್ಜೆಯಲ್ಲೇ ಅಷ್ಟೂ ಬಂದು 54 ಬಾಗಿಲುಗಳಲ್ಲಿ ತೂರಿಕೊಳ್ಳುತ್ತವೆ. ಚರ್ಚ್‌ಗೇಟ್‌ಗೆ ಬೆಳಗಿನ ಹೊತ್ತು ಬರುವ ಜನರನ್ನು ನೆನಪಿಸಿಕೊಳ್ಳಿ! ಈ 54ರಲ್ಲೂ ಹಲವು ಒಂದೇ ಅಂಕಿಗಳ ಬೇರೆ ಬೇರೆ ಜೋಡಣೆ. 8352 ಮತ್ತು 8532 ನೋಡಿ, ಅಂಕಿಗಳು ಅವೇ. ಮುಂದಿನ ಹೆಜ್ಜೆಯಲ್ಲಿ ಎರಡೂ ಒಂದೇ ದಾರಿ ಹಿಡಿಯುತ್ತವೆ. ಹಾಗೆ ಒಂದಾಗುವವನ್ನೆಲ್ಲ ಸೇರಿಸಿಟ್ಟರೆ ಉಳಿಯುವುದು 30 ಗುಂಪು ಮಾತ್ರ. ಮೂವತ್ತನ್ನು ಒಬ್ಬರು ಒಂದು ಸಂಜೆ ಕೂತು ಕಾಗದದ ಮೇಲೆ ಪರೀಕ್ಷಿಸಬಹುದು. ಪರೀಕ್ಷಿಸಿದರೆ ಎಲ್ಲವೂ 6174ಕ್ಕೆ ಹರಿದು ಬರುವುದು ಕಾಣುತ್ತದೆ. ಕಂಪ್ಯೂಟರ್ ಬೇಡ, ಕ್ಯಾಲ್ಕುಲೇಟರ್ ಕೂಡ ಬೇಡ.

6174 ಮಾತ್ರ ನಿಂತಲ್ಲೇ ಏಕೆ ನಿಲ್ಲುತ್ತದೆ? ಅದರ ಹೊರ ಅಂತರ 7 − 1 = 6, ಒಳ ಅಂತರ 6 − 4 = 2. 999ರ ಆರು ಪಟ್ಟು 5994, 90ರ ಎರಡು ಪಟ್ಟು 180. ಕೂಡಿಸಿ, 6174. ತನ್ನ ಅಂತರಗಳಿಂದ ತನ್ನನ್ನೇ ಕಟ್ಟಿಕೊಳ್ಳುತ್ತದೆ. ನಾಲ್ಕಂಕಿಗಳಲ್ಲಿ ಹೀಗೆ ಮಾಡಬಲ್ಲದ್ದು ಇದೊಂದೇ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದಷ್ಟು. ಆ 9990ರಲ್ಲಿ ಒಂದೇ ಹೆಜ್ಜೆಗೆ ಮನೆ ಸೇರುವವು, 6174ನ್ನು ಬಿಟ್ಟು, 383. ಮೂರು ಹೆಜ್ಜೆಯವು ಎಲ್ಲಕ್ಕಿಂತ ಹೆಚ್ಚು, 2400. ಏಳು ಹೆಜ್ಜೆ ಹಾಕಿಸಿ ಸುಸ್ತು ಮಾಡುವವು 2184.

ಮೂರು ಅಂಕಿಗಳಿಗೂ ಇಂಥದ್ದೊಂದು ಸಂಖ್ಯೆ ಇದೆ, 495. ಅಲ್ಲಿ ಇರುವುದು ಹೊರ ಅಂತರವೊಂದೇ, ಆದ್ದರಿಂದ ಒಂಬತ್ತೇ ಬಾಗಿಲು. ಎರಡು ಅಂಕಿಗಳಲ್ಲಿ ನಿಲುಗಡೆಯೇ ಇಲ್ಲ: 09, 81, 63, 27, 45, ಮತ್ತೆ 09, ಗಾಣದೆತ್ತಿನ ಹಾಗೆ ಸುತ್ತುವುದೇ. ಐದು ಅಂಕಿಗಳಲ್ಲೂ ಸುತ್ತಾಟವೇ. 53955 ಹೋಗಿ 59994 ಆಗುತ್ತದೆ, 59994 ಹೋಗಿ ಮತ್ತೆ 53955. ಇದಲ್ಲದೆ ನಾಲ್ಕು ನಾಲ್ಕು ಸಂಖ್ಯೆಗಳ ಇನ್ನೆರಡು ಸುತ್ತುಗಳಿವೆ. ಆರು ಅಂಕಿಗಳಲ್ಲಿ ನಿಲ್ಲುವ ಸಂಖ್ಯೆ ಎರಡು, 549945 ಮತ್ತು 631764. ಜೊತೆಗೆ ಏಳು ಸಂಖ್ಯೆಗಳ ಒಂದು ಸುತ್ತು. ಎಲ್ಲರನ್ನೂ ಒಂದೇ ಮನೆಗೆ ಕರೆತರುವ ಭಾಗ್ಯ ನಮ್ಮ ದಶಮಾನ ಪದ್ಧತಿಯಲ್ಲಿ ಮೂರು ಮತ್ತು ನಾಲ್ಕು ಅಂಕಿಗಳಿಗೆ ಮಾತ್ರ. 1981ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ ಇದನ್ನು ಸಾಧಿಸಿ ತೋರಿಸಿತು.

ಕಳೆಯುವುದನ್ನು ಬಿಟ್ಟು 6174ನ್ನು ಒಡೆದು ನೋಡಿದರೂ ಒಳಗೆ ಸೊಗಸಿದೆ. ಅಂಕಿಗಳನ್ನು ಕೂಡಿಸಿ: 6 + 1 + 7 + 4 = 18. ಆ 18ರಿಂದ 6174ನ್ನು ಭಾಗಿಸಿದರೆ ಶೇಷವಿಲ್ಲದೆ 343, ಅಂದರೆ ಏಳರ ಘನ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥ ಸಂಖ್ಯೆಗಳಿಗೆ 'ಹರ್ಷದ' ಎಂದು ಹೆಸರಿಟ್ಟವರೂ ಕಾಪ್ರೇಕರರೇ. ಹರ್ಷವನ್ನು ಕೊಡುವುದು ಹರ್ಷದ. ಇಷ್ಟು ಒಳ್ಳೆಯ ಪಾರಿಭಾಷಿಕ ಪದ ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟಿವೆ ಹೇಳಿ? ಇನ್ನೂ ಮುಂದೆ ಹೋಗಿ. 18, ಅದರ ವರ್ಗ 324, ಅದರ ಘನ 5832. ಮೂರನ್ನೂ ಕೂಡಿಸಿದರೆ ಬರುವುದು 6174! ಇದರ ಹಿಂದಿರುವುದು ಒಂದು ಅಪರೂಪದ ಸಂಗತಿ. ಒಂದು, ಒಂದು ಸಂಖ್ಯೆ, ಅದರ ವರ್ಗ, ಈ ಮೂರನ್ನು ಕೂಡಿಸಿದಾಗ ಪೂರ್ಣ ಘನ ಬರಬೇಕು ಎಂದರೆ ಧನಸಂಖ್ಯೆಗಳಲ್ಲಿ 18 ಒಂದಕ್ಕೇ ಅದು ಸಾಧ್ಯ: 1 + 18 + 324 = 343. ನಾರ್ವೆಯ ಗಣಿತಜ್ಞ ಲ್ಯುಂಗ್ರೆನ್ 1940ರ ದಶಕದಲ್ಲಿ ಇದನ್ನು ಸಾಧಿಸಿದರು. ಕಳೆಯುವ ಆಟಕ್ಕೂ ಈ 18ರ ಸಂಗತಿಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಸಂಖ್ಯೆಯ ಮನೆಯಲ್ಲಿ ಬಾಡಿಗೆಗಿವೆ, ಅಷ್ಟೇ.

ಮೇಷ್ಟ್ರ ಇತರ ಸಂಖ್ಯೆಗಳ ಬಗ್ಗೆಯೂ ಎರಡು ಮಾತು. 45ರ ವರ್ಗ 2025. ಅದನ್ನು ಮಧ್ಯಕ್ಕೆ ತುಂಡು ಮಾಡಿ ಕೂಡಿಸಿದರೆ, 20 + 25, ಮತ್ತೆ 45. ಇಂಥವು ಕಾಪ್ರೇಕರ್ ಸಂಖ್ಯೆಗಳು. 55 ಮತ್ತು 297 ಕೂಡ ಹಾಗೆಯೇ. ಇನ್ನೊಂದು ಬಗೆ 'ಸ್ವಯಂಭೂ'. 15ಕ್ಕೆ ಅದರ ಅಂಕಿಗಳನ್ನೇ ಕೂಡಿಸಿದರೆ 15 + 1 + 5 = 21, ಆದ್ದರಿಂದ 21ಕ್ಕೆ 15 ಹೆತ್ತವರು. ಆದರೆ 20ಕ್ಕೆ ಇಂಥ ಹೆತ್ತವರು ಯಾರೂ ಇಲ್ಲ, ತಾನಾಗಿ ಹುಟ್ಟಿದ್ದು. ಇವುಗಳಿಗೆ ತಮ್ಮೂರಿನ ಮೇಲೆ 'ದೇವಳಾಲಿ ಸಂಖ್ಯೆಗಳು' ಎಂದೂ ಕರೆದರು. ಮುಂಬೈಯ ಕೇಳುಗರಿಗೆ ಖುಷಿಯಾಗುವ ಹೆಸರು ಬೇರೆ ಇದೆ, 'ಡೆಮ್ಲೊ ಸಂಖ್ಯೆಗಳು'. 11ರ ವರ್ಗ 121, 111ರ ವರ್ಗ 12321, 1111ರ ವರ್ಗ 1234321, ಹೀಗೆ ಏರಿ ಇಳಿಯುವ ಸಂಖ್ಯೆಗಳನ್ನು ಒಳಗೊಂಡ ಒಂದು ಬಗೆ ಅದು. ಯೋಚನೆ ಹೊಳೆದದ್ದು ನಮ್ಮ ಡೊಂಬಿವಲಿ ಸ್ಟೇಷನ್ನಿನಲ್ಲಿ, ಆಗ ಆ ಸ್ಟೇಷನ್ನಿಗೆ ಡೆಮ್ಲೊ ಎಂಬ ಹೆಸರಿತ್ತು. ಡೊಂಬಿವಲಿಯಲ್ಲಿ ಎಷ್ಟು ಕನ್ನಡ ಮನೆಗಳಿವೆ ಎಂದು ನಮ್ಮ ಕಾರ್ಯಕ್ರಮಕ್ಕೆ ಬರುವ ಕರೆಗಳಿಂದಲೇ ನನಗೆ ಗೊತ್ತು. ಲೋಕಲ್‌ಗೆ ಕಾಯುತ್ತಾ ನಿಂತಾಗ ನೆನಪಿಸಿಕೊಳ್ಳಿ.

ಏರಿ ಇಳಿಯುವ ಈ ಸಂಖ್ಯೆಗಳ ವಿಷಯದಲ್ಲಿ ಕನ್ನಡ ಓದಿದವಳಾಗಿ ನಾನು ಸುಮ್ಮನಿರಲಾರೆ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದ. ನಮಗೆ 'ಕವಿರಾಜಮಾರ್ಗ' ಸಿಕ್ಕಿದ್ದೂ ಅದೇ ರಾಜನ ಆಶ್ರಯದಿಂದ. ಬಿ.ಎ. ತರಗತಿಯಲ್ಲಿ ಕವಿರಾಜಮಾರ್ಗ ಓದುತ್ತೇವೆ, ಪಕ್ಕದಲ್ಲೇ ಕುಳಿತಿದ್ದ ಈ ಪುಸ್ತಕದ ಹೆಸರನ್ನು ಎಷ್ಟು ಜನ ಕೇಳಿರುತ್ತೇವೆ? ಅದರಲ್ಲಿ ಮಹಾವೀರ 12345654321 ಎಂಬ ಸಂಖ್ಯೆಯನ್ನು, ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವುದು ಎಂಬ ಅರ್ಥದಲ್ಲಿ ಹೇಳಿದ್ದಾನೆ. ಅದು 111111ರ ವರ್ಗ. ಅಂದರೆ ಡೊಂಬಿವಲಿಯ ಪ್ಲಾಟ್‌ಫಾರ್ಮಿಗೆ ಸಾವಿರ ವರ್ಷಗಳ ಮೊದಲೇ ಈ ರುಚಿ ರಾಷ್ಟ್ರಕೂಟರ ಕಾಲದಲ್ಲಿ ಇತ್ತು.

ಇಷ್ಟಾದರೂ ಒಂದು ತಕರಾರು ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ 1940ರಲ್ಲಿ ಬರೆದ 'ಎ ಮ್ಯಾಥಮ್ಯಾಟೀಷಿಯನ್ಸ್ ಅಪಾಲಜಿ' ಪುಸ್ತಕದಲ್ಲಿ ಇಂಥ ಸಂಗತಿಗಳನ್ನು ತಳ್ಳಿಹಾಕಿದ್ದಾರೆ. ಅವರು ಕೊಟ್ಟ ಒಂದು ಉದಾಹರಣೆ: 8712 ಅಂದರೆ 2178ರ ನಾಲ್ಕು ಪಟ್ಟು, 9801 ಅಂದರೆ 1089ರ ಒಂಬತ್ತು ಪಟ್ಟು. ನಾಲ್ಕಂಕಿಗಳಲ್ಲಿ ತಿರುಗುಮುರುಗು ಬರೆದ ತನ್ನದೇ ರೂಪದ ಇಷ್ಟು ಪಟ್ಟು ಆಗುವವು ಇವೆರಡೇ. ಪತ್ರಿಕೆಯ ಒಗಟಿನ ಮೂಲೆಗೆ ಇದು ಚೆನ್ನ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂಬುದು ಅವರ ಅಭಿಪ್ರಾಯ. ಕಾಪ್ರೇಕರರನ್ನು ಕಡೆಗಣಿಸಿದವರ ಮನಸ್ಸಿನಲ್ಲಿದ್ದದ್ದೂ ಇದೇ ಮಾತು. ಇದರಲ್ಲಿ ಅರ್ಧ ನಿಜವಿದೆ. 6174ರ ಗುಣ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದದ್ದು. ಮನುಷ್ಯನಿಗೆ ಹತ್ತು ಬೆರಳುಗಳ ಬದಲು ಎಂಟು ಇದ್ದು, ಎಂಟರ ಲೆಕ್ಕದಲ್ಲಿ ಬರೆಯುತ್ತಿದ್ದರೆ ಈ ಸಂಖ್ಯೆಗೆ ಈ ಪಟ್ಟ ಸಿಗುತ್ತಿರಲಿಲ್ಲ. ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಎಷ್ಟು ಅಂಕಿಗಳಲ್ಲಿ ಒಂದೇ ನಿಲುಗಡೆ ಇದೆ, ಬೇರೆ ಬೇರೆ ಲೆಕ್ಕ ಪದ್ಧತಿಗಳಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗಳು ಆಮೇಲೆ ಎಷ್ಟೋ ಗಣಿತಜ್ಞರಿಗೆ ಕೆಲಸ ಕೊಟ್ಟಿವೆ. ಅದಕ್ಕಿಂತ ಹೆಚ್ಚಾಗಿ, ಕಳೆಯುವುದು ಕಲಿತ ನಾಲ್ಕನೇ ಕ್ಲಾಸಿನ ಮಗುವಿಗೆ, "ಹೀಗೆ ಆಗುತ್ತದೆ, ಯಾಕೆ ಗೊತ್ತಾ?" ಎಂದು ಕೇಳಿ, ಪೂರ್ತಿ ಕಾರಣವನ್ನು ಅದರ ಮುಂದೆಯೇ ಬಿಡಿಸಿ ತೋರಿಸುವಂಥ ಗಣಿತ ಎಷ್ಟಿದೆ? ಮೂವತ್ತೆರಡು ವರ್ಷ ಶಾಲೆಯಲ್ಲಿ ಕಳೆದ ಮೇಷ್ಟ್ರಿಗೆ ಇದರ ಬೆಲೆ ಹಾರ್ಡಿಗಿಂತ ಚೆನ್ನಾಗಿ ತಿಳಿದಿತ್ತು ಅಂತ ನನಗನ್ನಿಸುತ್ತದೆ.

ಇನ್ನು ನಿಮ್ಮ ಸರದಿ. ಮನೆಯಲ್ಲಿ ಎಲ್ಲರ ಹುಟ್ಟಿದ ಇಸವಿ ಬರೆದು ಯಾರಿಗೆ ಎಷ್ಟು ಹೆಜ್ಜೆ ಎಂದು ನೋಡಿ. 1900ರಿಂದ 1999ರೊಳಗೆ ಹುಟ್ಟಿದ ಯಾರಿಗೂ ಒಂದೇ ಹೆಜ್ಜೆಯ ಯೋಗವಿಲ್ಲ. ಕಾರಣ ಈಗ ನಿಮಗೇ ಗೊತ್ತು: ಆ ಇಸವಿಗಳಲ್ಲಿ 1 ಮತ್ತು 9 ಇದ್ದೇ ಇರುತ್ತವೆ, ಹೊರ ಅಂತರ 8ಕ್ಕಿಂತ ಕಡಿಮೆಯಾಗುವುದಿಲ್ಲ, ಒಂದೇ ಹೆಜ್ಜೆಗೆ ಬೇಕಾದದ್ದು 6. ಆದರೆ 1962, 1971, 1982, 1984, 1993, 1995ರಲ್ಲಿ ಹುಟ್ಟಿದವರಿಗೆ 1973ರವರ ಹಾಗೆ ಎರಡೇ ಹೆಜ್ಜೆ. 2006ರಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿದ್ದರೆ ಅವರದೇ ದಾಖಲೆ, 6200 − 0026, ಒಂದೇ ಏಟಿಗೆ 6174! ಇದಾದ ಮೇಲೆ ಇಂಥ ಇಸವಿ ಬರುವುದು 2046ಕ್ಕೆ. ನಿಮ್ಮ ಮನೆಯ ಪಟ್ಟಿಯನ್ನು ಎಂದಿನಂತೆ ಕಾರ್ಯಕ್ರಮದ ವಿಳಾಸಕ್ಕೆ ಬರೆದು ಕಳಿಸಿ, ಏಳು ಹೆಜ್ಜೆಯವರ ಹೆಸರನ್ನು ಮುಂದಿನ ವಾರ ಓದುತ್ತೇನೆ. ಬ್ಯಾಂಕಿನ ಎಟಿಎಂ ಪಿನ್ ಕೂಡ ನಾಲ್ಕು ಅಂಕಿಯದೇ, ಅದೂ 6174ಕ್ಕೇ ಬರುತ್ತದೆ. ಅದನ್ನು ಮಾತ್ರ ದಯವಿಟ್ಟು ಬರೆದು ಕಳಿಸಬೇಡಿ!